ಕೆಂಪು ದಾರ ಬಿದ್ದ ಮಧ್ಯಾಹ್ನ

‘ಆ ಕಾಲದಲ್ಲಿ’ ಎಂದು ಶುರು ಮಾಡುವಷ್ಟು ನರೆಗೂದಲು ನನಗಿನ್ನೂ ಬಂದಿಲ್ಲ. ಆದರೆ ಯಲಹಂಕದ ನಮ್ಮ ಬೀದಿಯಲ್ಲಿ ಈಗ ಮೂರು ಮನೆಗೊಂದು ಟ್ರಾನ್ಸಿಸ್ಟರ್ ಕಿರುಚುವುದನ್ನು ಕೇಳುವಾಗ, ಇಡೀ ಬೀದಿಗೆ ಎರಡೇ ಎರಡು ಹಾಡುವ ಯಂತ್ರಗಳಿದ್ದು, ಎರಡೂ ನಮ್ಮ ಮನೆಯಲ್ಲೇ ಇದ್ದು, ಎರಡೂ ಜಗಳಕ್ಕೆ ಬಿಟ್ಟರೆ ಬೇರೇನಕ್ಕೂ ಬಳಕೆಯಾಗದಿದ್ದ ದಿನಗಳು ನೂರು ವರ್ಷ ಹಿಂದಿನವು ಅನ್ನಿಸುತ್ತದೆ. ನಯಾಪೈಸೆ ಹೊಸದಾಗಿ ಬಂದು ಎಲ್ಲರೂ ಅದನ್ನು ಬೈಯುತ್ತಿದ್ದ ಬೇಸಗೆ. ನನಗೆ ಹತ್ತು ವರ್ಷ. ಹೊಳೆಯುವ ಗುಂಡಿಗಳಿದ್ದ ಪೆಟ್ಟಿಗೆಯೊಂದನ್ನು ಮುಟ್ಟಿದ ತಪ್ಪಿಗೆ ನೀವೂ ಎಂದಾದರೂ ಬೆನ್ನು ಬಿಸಿ ಮಾಡಿಸಿಕೊಂಡಿದ್ದರೆ, ನಾನು ಹೇಳುವ ಇಬ್ಬರು ಗಂಡಸರು ನಿಮಗೂ ಗೊತ್ತಿರುವವರೇ.

ಒಬ್ಬ ನನ್ನ ಅಪ್ಪ. ಇನ್ನೊಬ್ಬ ಅಮ್ಮನ ಅಣ್ಣ ಪುಟ್ಟರಾಜು ಮಾವ. ಅಟ್ಟೂರಿನ ಹೊಲಗದ್ದೆ ಬಿಟ್ಟು ನಮ್ಮ ಮುಂದಿನ ಕೋಣೆಯಲ್ಲಿ ಬಿಡಾರ ಹೂಡಿದ್ದವನು. ಇಬ್ಬರಿಗೂ ಒಂದೇ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿದ್ದ ಹೊರದೇಶದ ಇಂಜಿನಿಯರ್ ಒಬ್ಬ ಊರಿಗೆ ಹೊರಟಾಗ ಮನೆಯ ಸಾಮಾನೆಲ್ಲ ಮಾರಿದ. ಇಬ್ಬರೂ ಒಂದೇ ದಿನ ಸೈಕಲ್ ತುಳಿದುಕೊಂಡು ಹೋಗಿ, ಅಪ್ಪ ಅವನ ರೆಕಾರ್ಡ್ ಪ್ಲೇಯರನ್ನೂ ಒಂದು ಪಿಟೀಲಿನ ಎಲ್‌ಪಿ ತಟ್ಟೆಯನ್ನೂ ತಂದ. ಮಾವ ಅವನ ಟೇಪ್ ರೆಕಾರ್ಡರನ್ನೂ ಟೇಪು ಪಟ್ಟಿಯ ಒಂದೇ ಒಂದು ಸುರುಳಿಯನ್ನೂ ತಂದ. ತನಗೆ ಆನೆ ಸಿಕ್ಕಿತು, ಇನ್ನೊಬ್ಬನಿಗೆ ಲದ್ದಿ ಸಿಕ್ಕಿತು ಎಂದು ಇಬ್ಬರೂ ನಂಬಿದರು.

ಅಪ್ಪ ತಾನೇ ವಾಲ್ವುಗಳನ್ನು ಜೋಡಿಸಿ ಆಂಪ್ಲಿಫೈಯರ್ ಕಟ್ಟಿದ. ಹಲಸಿನ ಹಲಗೆಯಲ್ಲಿ ಎದೆಯೆತ್ತರದ ಸ್ಪೀಕರ್ ಪೆಟ್ಟಿಗೆ ಮಾಡಿಸಿದ. ಅದು ಬಂದ ಮೇಲೆ ದೇವರ ಮಂಟಪ ಅಡುಗೆಮನೆಗೆ ಹೋಯಿತು. ಸ್ವಿಚ್ ಹಾಕಿದರೆ ಬಿಸಿಯಾದ ಧೂಳು, ಹೊಸ ವಾರ್ನಿಶ್ಶು ಎರಡೂ ಸೇರಿ ಒಂದು ವಾಸನೆ ಬರುತ್ತಿತ್ತು. ಅಪ್ಪ ಅದನ್ನು ಮೂಗಿನ ತುಂಬ ಎಳೆದುಕೊಂಡು, ಕಣ್ಣು ಮುಚ್ಚಿ, ಒಂದು ಬೆರಳನ್ನು ಮೇಲೆತ್ತುತ್ತಿದ್ದ. ಕಣ್ಣು ತೆರೆದು ಕೇಳುವವರು ಕಿವುಡರು ಎಂಬುದು ಅವನ ಮತ. ಪಿಟೀಲಿನ ಬಗ್ಗೆ ಅವನಿಗೆ ತಿಳಿದಿದ್ದು ಸೊನ್ನೆ. ಅವನು ಕೇಳುತ್ತಿದ್ದುದು ಸಂಗೀತವನ್ನಲ್ಲ, ಪೆಟ್ಟಿಗೆಯನ್ನು.

“ತಟ್ಟೇಲಿ ಪ್ರಾಣ ಇದೆ ಕಣೋ ಪುಟ್ಟರಾಜು. ನಿನ್ನ ಪಟ್ಟೀಲಿ ಇರೋದು ಹೆಣ.”

“ಪ್ರಾಣ ಅಲ್ಲ ಭಾವ, ನಿಮ್ಮ ತಟ್ಟೇಲಿ ಯಾರೋ ಹುರಿಗಡಲೆ ಹುರೀತಾವ್ರೆ. ಚಟಪಟ ಚಟಪಟ.”

“ನಿಂದು? ನಲ್ಲಿ ತೆಗೆದಿಟ್ಟು ಮರೆತೋದಂಗೆ ಸೊಯ್ಯೋ ಅಂತದೆ.”

ಇದು ಬೆಳಗಿನ ಕಾಫಿಯ ಜೊತೆಗೆ. ರಾತ್ರಿಯ ಮುದ್ದೆಯ ಜೊತೆಗೂ ಇದೇ.

ನಾನಾದರೋ ಇಬ್ಬರನ್ನೂ ಅಣಕಿಸಿ ಹೊಟ್ಟೆ ಹೊರೆಯುತ್ತಿದ್ದವನು. ಬೀದಿ ನನಗಿಟ್ಟ ಹೆಸರು ಗಿಣಿ. ಅಪ್ಪನ ಮೂಗಿನ ದನಿಗೆ ಒಂದು ಬುಗುರಿ, ಮಾವನ ಕೆಮ್ಮಿಗೆ ಎರಡು ಗೋಲಿ, ಜಂಕ್ಷನ್ನಿನ ಗೂಡ್ಸ್ ಇಂಜಿನ್ನಿಗೆ ಅರ್ಧ ಚಕ್ಕೋತ ಹಣ್ಣು. ನನ್ನ ಸ್ವಂತ ದನಿಯನ್ನು ಮಾವ ಒಮ್ಮೆ ಟೇಪಿನಲ್ಲಿ ಕೇಳಿಸಿದ್ದ. ಬೆಕ್ಕಿನ ಬಾಲ ತುಳಿದ ಹಾಗಿತ್ತು. ಅಂದಿನಿಂದ ಬೇರೆಯವರ ದನಿಯಲ್ಲೇ ಇರುವುದು ಕ್ಷೇಮ ಎಂದುಕೊಂಡೆ.

ಮಾವನ ಆ ಒಂದೇ ಸುರುಳಿಯ ಮೊದಲ ಅರ್ಧ ಗಂಟೆಯಲ್ಲಿ ಆ ಇಂಜಿನಿಯರ್ ಮನೆಯ ನಾಯಿ ಬೊಗಳುವುದು, ಅವನ ಮಗು ನಗುವುದು ಇದ್ದವು. ಉಳಿದ ಇಪ್ಪತ್ತು ನಿಮಿಷದಲ್ಲಿ ನಮ್ಮಜ್ಜಿ ಇದ್ದಳು. ಅಮ್ಮನ ಅವ್ವ. ಹಿಂದಿನ ಸುಗ್ಗಿಯಲ್ಲಿ ಅಟ್ಟೂರಿಂದ ಬಂದಿದ್ದಾಗ ಮಾವ ಅವಳ ಮುಂದೆ ಮೈಕು ಇಟ್ಟು ಮಾತಾಡಿಸಿದ್ದ. ಅಜ್ಜಿ ಎಲೆಯಡಿಕೆ ಅಗಿಯುತ್ತಲೇ ದನಗಳ ಹೆಸರೆಲ್ಲ ಹೇಳಿದ್ದಳು, ಅಮ್ಮ ಕಣದಲ್ಲೇ ರಾಗಿ ಹುಲ್ಲಿನ ಮೇಲೆ ಹುಟ್ಟಿದ ಕತೆ ಹೇಳಿದ್ದಳು, ನಡುವೆ ಅಡುಗೆಮನೆಯತ್ತ ತಿರುಗಿ “ಚಿಕ್ಕೀ, ಒಲೆ ಮೇಲೆ ಆಲೈತೆ ನೋಡೇ” ಎಂದು ಕೂಗಿದ್ದಳು. ಅಮ್ಮನನ್ನು ಚಿಕ್ಕಿ ಎಂದು ಕರೆಯುತ್ತಿದ್ದವಳು ಅಜ್ಜಿಯೊಬ್ಬಳೇ. ಸಂಕ್ರಾಂತಿಗೆ ಮುಂಚೆ ಅಜ್ಜಿ ತೀರಿಕೊಂಡಳು. ಆಮೇಲೆ ಅಮ್ಮ ಅಜ್ಜಿಯ ಮಾತು ಶುರುವಾಗುವ ಕಡೆ ಸುರುಳಿಯ ಸುತ್ತುಗಳ ನಡುವೆ ಒಂದು ಕೆಂಪು ದಾರದ ತುಂಡು ಸಿಕ್ಕಿಸಿಟ್ಟಳು. ಶನಿವಾರ ಮಧ್ಯಾಹ್ನ ಪಾತ್ರೆ ತೊಳೆದು ಬಂದು, “ಅಣ್ಣ, ದಾರದಿಂದ ಹಾಕು” ಎನ್ನುತ್ತಿದ್ದಳು. ಚಿಕ್ಕೀ ಎಂದು ಕೇಳಿಸಿಕೊಂಡು ಎದ್ದು ಹೋಗುತ್ತಿದ್ದಳು. ಆ ಮನೆಯಲ್ಲಿ ಯಂತ್ರಕ್ಕೆ ಕಿವಿ ಕೊಡದೆ ಅದರೊಳಗಿನ ಮನುಷ್ಯರಿಗೆ ಕಿವಿ ಕೊಟ್ಟವಳು ಅವಳೊಬ್ಬಳೇ.

ಏಪ್ರಿಲ್‌ನಲ್ಲಿ ಪಂಥ ಬಿತ್ತು. ಅದೇ ಪಿಟೀಲನ್ನು ತಟ್ಟೆಯಿಂದ ಟೇಪಿಗೆ ಇಳಿಸುವುದು, ಪರದೆಯ ಹಿಂದೆ ಎರಡನ್ನೂ ನುಡಿಸುವುದು, ಯಾವುದು ಯಾವುದೆಂದು ಗುರುತಿಸುವುದು. ಸೋತವನ ಯಂತ್ರ ಅಟ್ಟಕ್ಕೆ.

“ನನ್ನ ಆಂಪ್ಲಿಫೈಯರಿಗೆ ನಿನ್ನ ವೈರು ತಾಗಿಸಂಗಿಲ್ಲ” ಎಂದ ಅಪ್ಪ. ಹಾಗಾಗಿ ಸ್ಪೀಕರ್ ಪೆಟ್ಟಿಗೆಯ ಮುಂದೆ ಮೈಕು ನಿಲ್ಲಿಸಿ ಇಳಿಸಬೇಕಾಯಿತು. ಅಂದರೆ ಕೋಣೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಸಂಜೆ ವೋಲ್ಟೇಜು ಬಿದ್ದು ಪಿಟೀಲು ತೂಕಡಿಸುತ್ತಿದ್ದರಿಂದ ಮಧ್ಯಾಹ್ನವೇ ಆಗಬೇಕು, ಅದೂ ಎರಡು ರೈಲುಗಳ ನಡುವಿನ ಬಿಡುವಿನಲ್ಲಿ.

ಮೊದಲ ಸಲ ನಾನು ಬಾಗಿಲ ಹಿಂದೆ ನಿಂತು ಇಂಜಿನ್ನಿನಂತೆ ಸಿಳ್ಳೆ ಹಾಕಿದೆ. ಮಾವ “ಪ್ಯಾಸೆಂಜರ್ ಬೇಗ ಬಂದ್ಬಿಡ್ತಲ್ರೀ” ಎಂದು ಟೇಪು ನಿಲ್ಲಿಸಿದ. ಎರಡನೇ ಸಲ ಅಪ್ಪ ಕಣ್ಣು ಮುಚ್ಚಿ ತಲೆದೂಗುವುದನ್ನು ನೋಡಿ ನಗು ತಡೆಯಲಾಗಲಿಲ್ಲ. ಸೊಂಟದ ಬೆಲ್ಟು ಬಿಚ್ಚಿದ್ದು ಅಪ್ಪ, ಕಾಲು ಹಿಡಿದುಕೊಂಡದ್ದು ಮಾವ. ಅವರಿಬ್ಬರೂ ಒಗ್ಗಟ್ಟಾಗಿ ಮಾಡಿದ ಒಂದೇ ಕೆಲಸ ಅದು.

“ಇನ್ನೊಂದ್ಸಲ ಉಸಿರು ಬಿಟ್ಟೆ ಅಂದ್ರೆ ಅಟ್ಟೂರು ಬಾವಿಗೆ ಇಳಿಬಿಟ್ಟು ಹಗ್ಗ ಎಳ್ಕೊಂಬಿಡ್ತೀನಿ ಮಗನೆ” ಎಂದ ಮಾವ.

ಅಷ್ಟರಲ್ಲಿ ಅಪ್ಪ ಮಾವನ ಎರಡನೇ ಪ್ರಯತ್ನವನ್ನು ಕೇಳಿ ಮೂಗು ಮುರಿದಿದ್ದ. “ಗೋಣಿಚೀಲದೊಳಗೆ ಕೂತು ಪಿಟೀಲು ಬಾರಿಸ್ದಂಗಿದೆ.” ಮಾವನ ಮುಖ ಕೆಂಪಾಯಿತು. ಆ ಯಂತ್ರದಲ್ಲಿ ಎರಡು ವೇಗಗಳಿದ್ದವು. ಮಾವ ಯಾವಾಗಲೂ ಟೇಪು ಉಳಿಸಲು ನಿಧಾನದಲ್ಲೇ ಓಡಿಸುತ್ತಿದ್ದ. ಅವತ್ತು ಹಟಕ್ಕೆ ಬಿದ್ದು ಮೀಟುಗೋಲನ್ನು ವೇಗಕ್ಕೆ ತಳ್ಳಿದ. ದನಿ ಗಾಜಿನಂತೆ ಸ್ವಚ್ಛವಾಗುತ್ತದೆ. ಅದಕ್ಕೆ ಬದಲಾಗಿ ಟೇಪು ಎರಡರಷ್ಟು ತಿನ್ನುತ್ತದೆ.

ಅಮ್ಮ ಸಂಡಿಗೆ ಹಿಟ್ಟಿನ ಪಾತ್ರೆ ಹೊತ್ತು ಮಾಳಿಗೆಗೆ ಹೊರಟಿದ್ದವಳು ಬಾಗಿಲಲ್ಲಿ ನಿಂತಳು. “ಅಣ್ಣ, ದಾರದಿಂದಾಚೆ ಹೋಗ್ಬೇಡ.”

“ನಂಗೊತ್ತಿಲ್ವೇನಮ್ಮ! ಅಲ್ಲೀಗಂಟ ಅರ್ಧ ಗಂಟೆ ಜಾಗ ಐತೆ. ಇವರ ತಟ್ಟೆ ಇಪ್ಪತ್ತೈದು ನಿಮಿಷಕ್ಕೇ ಮುಗಿದೋಯ್ತದೆ.”

ಆ ಅರ್ಧ ಗಂಟೆ ನಿಧಾನದ ಲೆಕ್ಕದ್ದು. ವೇಗದಲ್ಲಿ ಅದು ಕಾಲು ಗಂಟೆ. ಟೇಪಿನ ಬಗ್ಗೆ ಊರಿಗೆಲ್ಲ ಉಪದೇಶ ಮಾಡುತ್ತಿದ್ದ ಮನುಷ್ಯನಿಗೆ, ಭಾವನ ಮೂಗು ಮುರಿಯುವ ಆತುರದಲ್ಲಿ, ಅದು ಹೊಳೆಯಲೇ ಇಲ್ಲ.

ಪಿಟೀಲು ಶುರುವಾಯಿತು. ಇಬ್ಬರೂ ಕಣ್ಣು ಮುಚ್ಚಿದರು. ನಾನು ಗೋಡೆಗೆ ಒರಗಿ ತುಟಿ ಕಚ್ಚಿಕೊಂಡು ಕೂತೆ. ಇಂಜಿನಿಯರನ ನಾಯಿ ಅಳಿಸಿಹೋಯಿತು, ಮಗು ಅಳಿಸಿಹೋಯಿತು. ಮಾಳಿಗೆಯಿಂದ ಸಂಡಿಗೆ ಹಿಟ್ಟಿನ ಜೀರಿಗೆ ಘಮ ಬರುತ್ತಿತ್ತು. ಸುರುಳಿ ತಿರುಗುತ್ತ ತಿರುಗುತ್ತ, ಕೆಂಪು ದಾರ ಸುತ್ತುಗಳಿಂದ ಬಿಡಿಸಿಕೊಂಡು, ಒಂದು ಗಿರಕಿ ಹೊಡೆದು, ನನ್ನ ಕಾಲಿನ ಹತ್ತಿರ ಬಿತ್ತು.

ಪಿಟೀಲು ಇನ್ನೂ ನುಡಿಯುತ್ತಿತ್ತು.

ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಇಷ್ಟು ವರ್ಷ ಹಲವು ದನಿಗಳಲ್ಲಿ ಹೇಳಿ ನೋಡಿದ್ದೇನೆ, ಯಾವ ದನಿಯಲ್ಲೂ ಒಪ್ಪುವುದಿಲ್ಲ. ಬಾಯಿ ತೆರೆದೆ. ಅಪ್ಪನ ಸೊಂಟದ ಬೆಲ್ಟು ಕಂಡಿತು. ಮುಚ್ಚಿದೆ. ದೇವಸ್ಥಾನದ ಮಂಗಳಾರತಿಯಲ್ಲೂ ಸುಮ್ಮನಿರದ ಬಾಯಿ ಆ ಹತ್ತು ನಿಮಿಷ ಸುಮ್ಮನಿತ್ತು. ತಟ್ಟೆ ಮುಗಿದು, ಇಬ್ಬರೂ ಕಣ್ಣು ಬಿಟ್ಟು, “ಪರವಾಗಿಲ್ವೇ, ಗಿಣಿ ಕೂಡ ಮನುಷ್ಯ ಆದ” ಎಂದು ನನ್ನ ಬೆನ್ನು ತಟ್ಟಿದರು. ಮಾವ ಸುರುಳಿಯನ್ನು ಹಿಂದಕ್ಕೆ ಸುತ್ತಿಟ್ಟು ಕಾಫಿಗೆ ಹೋದ. ನಾನು ದಾರವನ್ನು ಅಂದಾಜಿನ ಮೇಲೆ ಎಲ್ಲೋ ಒಂದು ಕಡೆ ಸಿಕ್ಕಿಸಿಟ್ಟೆ.

ಆ ಶನಿವಾರ ಸಂಡಿಗೆ ಕೆಲಸದಲ್ಲಿ ಅಮ್ಮ ಟೇಪು ಕೇಳಲಿಲ್ಲ. ಮಾರನೆಯ ದಿನ ಭಾನುವಾರ, ಪಂದ್ಯ. ಪರದೆ ಎಂದರೆ ಅಮ್ಮನ ಹಾಸಿಗೆ ಚಾದರ. ಅದರ ಹಿಂದೆ ಯಂತ್ರ ನಡೆಸಲು ಪೇಟೆ ಬೀದಿಯ ರೇಡಿಯೋ ರಿಪೇರಿ ಗಫಾರ್ ಸಾಬರನ್ನು ಕರೆಸಿದ್ದರು. ಅವರು ಬಂದವರೇ ತಟ್ಟೆಯನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದರು. ಎರಡರಲ್ಲೂ ಕೊನೆಯ ತುಣುಕನ್ನೇ ಹಾಕುತ್ತೇನೆ ಎಂದರು.

ಮೊದಲು ಒಂದು ನುಡಿಯಿತು. ಮಾವ ತೊಡೆ ತಟ್ಟಿದ. “ಒಂದು ಚಟಪಟ ಇಲ್ಲ! ಇದೇ ನನ್ನ ಟೇಪು. ಬರ್ಕೊಳ್ಳಿ ಸಾಬ್ರೇ!”

ಎರಡನೆಯದು ನುಡಿಯಿತು. ಅಪ್ಪ ಬೆರಳೆತ್ತಿದ. “ಆ ಚಟಪಟ ಕೇಳ್ತಾ? ಅಲ್ಲೇ ಇರೋದು ಪ್ರಾಣ. ಇದು ನನ್ನ ತಟ್ಟೆ.”

ಸಾಬರು ಚಾದರ ಎತ್ತಿದರು. ತಿರುಗುತ್ತಿದ್ದದ್ದು ಟೇಪು. ಹಿಂದಿನ ದಿನ ಒರೆಸದೆ ಹಾಕಿದ್ದ ತಟ್ಟೆಯ ಚಟಪಟವನ್ನು ಮೈಕು ಭಕ್ತಿಯಿಂದ ಹಿಡಿದುಕೊಂಡಿತ್ತು.

“ಅರೇ ಸ್ವಾಮಿ, ಇಬ್ರೂ ಉಲ್ಟಾ ಹೇಳಿದ್ರಿ. ಇಬ್ರೂ ಅಟ್ಟ ಹತ್ಬೇಕು ಈಗ” ಎಂದರು ಸಾಬರು.

ಆಮೇಲೆ ಆದ ಕೂಗಾಟವನ್ನು ನಾನು ಈಗಲೂ ಮದುವೆ ಮನೆಗಳಲ್ಲಿ ಮಾಡಿ ತೋರಿಸಿ ಎರಡು ಲಡ್ಡು ಹೆಚ್ಚಿಗೆ ಗಿಟ್ಟಿಸುತ್ತೇನೆ. ಮೋಸ, ಕುತಂತ್ರ, ಒದ್ದೆ ಬಟ್ಟೆ, ಸುಳ್ಳು ಮೈಕು. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಟೇಪು ನಿಲ್ಲಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ. ಪಿಟೀಲು ಮುಗಿಯಿತು. ಸ್ವಲ್ಪ ಹೊತ್ತು ಸೊಯ್ ಎಂದಿತು. ಆಮೇಲೆ ಇಲಿಯ ಹಾಗೆ ಕಿಚಿಕಿಚಿ ಎನ್ನುವ ಒಂದು ದನಿ ಅವಸರವಸರವಾಗಿ ಏನೋ ಹೇಳಿತು.

“ಲೇ ಗಿಣಿ!” ಮಾವ ನನ್ನ ಕೆನ್ನೆಗೆ ಬಾರಿಸಿದ. “ಇದ್ರಲ್ಲೂ ನಿನ್ನ ಮಂಗಾಟನಾ?”

“ಅವನ ಬಾಯಿ ಮುಚ್ಚೇ ಐತೆ ಕಣಣ್ಣ” ಎಂದಳು ಅಮ್ಮ. ದನಿ ಏರಿಸಲಿಲ್ಲ. “ಹಿಂದಕ್ಕೆ ತಿರುಗ್ಸು. ನಿಧಾನಕ್ಕೆ ಹಾಕು.”

ಮಾವ ಹಿಂದಕ್ಕೆ ಸುತ್ತಿ ಮೀಟುಗೋಲನ್ನು ಎಳೆದ. ನಿಧಾನದಲ್ಲಿ ಪಿಟೀಲು ಕೆಸರಿಗೆ ಬಿದ್ದ ಎಮ್ಮೆಯಂತೆ ನರಳಿತು. ಅದು ನಿಂತ ಮೇಲೆ, ಎಲೆಯಡಿಕೆ ಅಗಿಯುತ್ತ, ಬೇಸರದಿಂದ, ಅಜ್ಜಿ ಹೇಳಿದಳು: “ಸಾಕು ನಿಲ್ಸ್ಲಾ ಅದ್ನ. ಉಳಾ ಸುತ್ತದಂಗೆ ಸುತ್ತುತಾನೇ ಐತೆ.”

ಅಷ್ಟೇ. ಟೇಪಿನ ತುದಿ ಬಿಟ್ಟುಕೊಂಡು ಪಟ್ ಪಟ್ ಎಂದು ಹೊಡೆದುಕೊಳ್ಳತೊಡಗಿತು.

“ಚಿಕ್ಕೀ ಅನ್ನೋದು ಎಲ್ಲಿ?” ಎಂದಳು ಅಮ್ಮ.

ಮಾವ ಇನ್ನೂ ಹಿಂದಕ್ಕೆ ಸುತ್ತಿದ. ಪಿಟೀಲು. ಇನ್ನೂ ಹಿಂದಕ್ಕೆ. ಪಿಟೀಲು. ನಾನು ಸಿಕ್ಕಿಸಿದ್ದ ದಾರ ಈಗ ಉದುರಿ ನೆಲದ ಮೇಲಿತ್ತು. ಅಮ್ಮ ಅದನ್ನು ಎತ್ತಿಕೊಂಡು ನನ್ನನ್ನೇ ನೋಡಿದಳು. ಅವತ್ತು ನಾನು ನನ್ನ ಸ್ವಂತ ದನಿಯಲ್ಲಿ ಮಾತಾಡಿದೆ. “ನಾನೇ ಇಟ್ಟೆ. ಬಿದ್ದಿದ್ದನ್ನ ನೋಡ್ದೆ, ಹೇಳ್ಲಿಲ್ಲ.” ಅವಳು ಹೊಡೆಯಲಿಲ್ಲ. ಹೊಡೆದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ.

ಆಗ ಅಪ್ಪ ಬಾಯಿ ಬಿಟ್ಟ. ಸುಮ್ಮನಿರಬಹುದಿತ್ತು. ಅವನಿಂದ ಆಗಲಿಲ್ಲ. “ಅದಕ್ಕೇ ನಾನು ಬಡ್ಕೊಂಡಿದ್ದು ಪುಟ್ಟರಾಜು. ತಟ್ಟೇಲಿ ಇದ್ದಿದ್ರೆ ಅಳಿಸೋಕೇ ಆಗ್ತಿರಲಿಲ್ಲ.”

ಅಮ್ಮ ನೇರವಾಗಿ ಹೋಗಿ ತಟ್ಟೆಯನ್ನು ಎತ್ತಿಕೊಂಡಳು. ಅಡುಗೆಮನೆಗೆ ಒಯ್ದು ನೆಲದ ಮೇಲಿಟ್ಟು, ಒಲೆಯ ಮೇಲೆ ಕುದಿಯುತ್ತಿದ್ದ ಹುರುಳಿಕಾಳು ಸಾರಿನ ಪಾತ್ರೆಯನ್ನು ಇಳಿಸಿ ಅದರ ಮೇಲಿಟ್ಟಳು. ತಟ್ಟೆ ಎಣ್ಣೆಗೆ ಬಿದ್ದ ಹಪ್ಪಳದಂತೆ ಅಂಚು ಎತ್ತಿಕೊಂಡಿತು. “ಊಟಕ್ಕೆ ಬನ್ನಿ” ಎಂದಳು. ಇಬ್ಬರೂ ಬಂದು ಕೂತು ತಲೆ ತಗ್ಗಿಸಿ ಉಂಡರು. ಸಾಬರು ಮಾತ್ರ ಉಣ್ಣದೆ, “ಮಾಫ್ ಮಾಡಮ್ಮ” ಎಂದು ಚಪ್ಪಲಿ ಮೆಟ್ಟಿ ಹೊರಟರು. ತಪ್ಪೇ ಮಾಡದವರೊಬ್ಬರು ಕ್ಷಮೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಳೆ ಶುರುವಾಗುವ ಹೊತ್ತಿಗೆ ಒಂದು ದಿನ ಹಿತ್ತಲಲ್ಲಿ ನಿಂತು, ಪ್ರಾಯಶ್ಚಿತ್ತವೋ ಕಿಡಿಗೇಡಿತನವೋ ನನಗೇ ತಿಳಿಯದೆ, ಬಾಯಲ್ಲಿ ಅಡಿಕೆ ಇದ್ದವನಂತೆ ಕೆನ್ನೆ ಉಬ್ಬಿಸಿ ಕೂಗಿದೆ: “ಚಿಕ್ಕೀ!”

“ಓ, ಬಂದೆ ಕಣವ್ವಾ” ಎಂದು ಅಮ್ಮ ಒಳಗಿನಿಂದ ಓಡಿ ಬಂದಳು. ಬಂದು ನನ್ನನ್ನು ಕಂಡಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ, “ಇನ್ನೊಂದ್ಸಲ ಕರಿ” ಎಂದಳು.

ಅದಾಗಿ ಹತ್ತು ವರ್ಷ ದಾಟಿದೆ. ಮಾವ ಟೇಪು ಮಾರಿದ. ಅಪ್ಪನ ಹಲಸಿನ ಪೆಟ್ಟಿಗೆಯಲ್ಲಿ ಈಗ ರಾಗಿ ತುಂಬಿದೆ. ಇಬ್ಬರೂ ಜೀವದ ಗೆಳೆಯರಾಗಿದ್ದಾರೆ. ಸಂಜೆ ಜಗುಲಿಯ ಮೇಲೆ ಕೂತು ಟ್ರಾನ್ಸಿಸ್ಟರ್ ಹಿಡಿದು ಹೋಗುವ ಹುಡುಗರನ್ನು ಬೈಯುತ್ತಾರೆ: ಈ ಮುಂಡೇವಕ್ಕೆ ಕಿವಿಯೇ ಇಲ್ಲ. ಆ ಮಾತು ಕೇಳಿದಾಗಲೆಲ್ಲ ಇಬ್ಬರ ಮೇಲೂ ಒಂದೊಂದು ಸಾರಿನ ಪಾತ್ರೆ ಇಡೋಣ ಅನ್ನಿಸುತ್ತದೆ. ಕ್ಷಮಿಸಿದ್ದೇನೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಕ್ಷಮಿಸಿಲ್ಲ.

ಮೊನ್ನೆ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಾಗ ಮತ್ತೆ ಕರೆದೆ. ಈಚೆಗೆ ನನಗೊಂದು ಅನುಮಾನ. ನಾನು ಕರೆಯುತ್ತಿರುವುದು ಅಜ್ಜಿಯ ದನಿಯಲ್ಲೋ, ಹತ್ತು ವರ್ಷದ ನಾನು ಮಾಡಿದ ಅಜ್ಜಿಯ ದನಿಯಲ್ಲೋ? ಅಮ್ಮ ಈ ಸಲ ಓ ಎನ್ನಲಿಲ್ಲ. ತಲೆ ಅಲ್ಲಾಡಿಸಿದಳು.

“ಅಂಗಲ್ಲ ಕಣೋ. ಅವ್ವ ಕೊನೇಲಿ ಒಂಚೂರು ಎಳೀತಿದ್ಲು.”

“ಎಷ್ಟು ಎಳೀತಿದ್ಲು? ನೀನೇ ಒಂದ್ಸಲ ಅಂದು ತೋರ್ಸು.”

ಅಮ್ಮ ಬಾಯಿ ತೆರೆದಳು. ಅವರೆಕಾಯಿ ಕೈಯಲ್ಲೇ ಉಳಿಯಿತು. ಹೊರಗೆ ಎಲ್ಲಿಂದಲೋ ಟ್ರಾನ್ಸಿಸ್ಟರಿನ ಹಾಡು ಬಂದು ಹೋಯಿತು. ಅವಳು ಬಾಯಿ ಮುಚ್ಚಿಕೊಂಡು ಮುಂದಿನ ಕಾಯಿ ಎತ್ತಿಕೊಂಡಳು.