ನಡೆಯದ ಸಭೆಗೆ ಅರವತ್ತೊಂದು ಸಾಕ್ಷಿ

ನಾಗರಿಕ ಶಿಕ್ಷಣದಲ್ಲಿ ಪಾಸಾಗದಿದ್ದರೆ ಹೈಸ್ಕೂಲು ಸರ್ಟಿಫಿಕೇಟು ಕೊಡುವುದಿಲ್ಲ. ಗಣಿತದಲ್ಲಿ ನೂರಕ್ಕೆ ನೂರು ತೆಗೆದರೂ ಇಲ್ಲ. ಪಾಸಾಗಲು ಪುರಸಭೆಯ ಒಂದು ಸಭೆಯಲ್ಲಿ ಕೂತು, ಅಲ್ಲಿ ಆದ ಒಂದು ತೀರ್ಮಾನವನ್ನು ಫಾರಂನಲ್ಲಿ ಬರೆದು, ಕಾರ್ಯದರ್ಶಿಯ ಸಹಿ ಹಾಕಿಸಿ ತರಬೇಕು. ಇದು ನಿಮಗೆಲ್ಲ ಗೊತ್ತು. ನಿಮ್ಮ ಮಕ್ಕಳ ಫಾರಂ ಎಲ್ಲಿ ತುಂಬಿತು ಎಂಬುದೂ ಗೊತ್ತು.

ಇಸ್ತ್ರಿಯಕ್ಕನಿಗೆ ಮಾತ್ರ ಗೊತ್ತಿರಲಿಲ್ಲ.

ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾಳೆ. ವಾರ್ಡುಗಳಿಂದ ಬರುವ ಚಾದರಗಳಲ್ಲಿ ರಕ್ತದ್ದನ್ನು ತಣ್ಣೀರಿಗೆ, ಉಳಿದದ್ದನ್ನು ಬಿಸಿನೀರಿಗೆ ಬೇರೆ ಮಾಡುವುದು, ಒಗೆದದ್ದನ್ನು ಬಿಸಿ ರೋಲರಿನಡಿ ಹಾಯಿಸಿ ಮಡಿಸುವುದು ಆಕೆಯ ಕೆಲಸ. ಬಲ ಮುಂಗೈ ಮೇಲೆ ರೋಲರು ಕೊಟ್ಟ ಬರೆ ಇದೆ. ಮೇಲ್ವಿಚಾರಕಿಯ ಹುದ್ದೆ ಖಾಲಿಯಾದಾಗ ಆಡಳಿತದವರು, "ಕೆಲಸ ನಿನಗೇ ಗೊತ್ತಿರೋದು, ಆದ್ರೆ ಹೈಸ್ಕೂಲು ಸರ್ಟಿಫಿಕೇಟು ಬೇಕಲ್ಲ" ಎಂದರು. ನಲವತ್ತೊಂದನೆಯ ವಯಸ್ಸಿನಲ್ಲಿ ಭಾನುವಾರದ ತರಗತಿಗೆ ಸೇರಿದಳು. ಎಲ್ಲ ವಿಷಯ ಮುಗಿಸಿದಳು. ಉಳಿದದ್ದು ಆ ಒಂದು ಫಾರಂ.

ಸಭೆಯ ದಿನ ಅರ್ಧ ದಿನ ರಜೆ ಹಾಕಿ ಪುರಸಭೆಗೆ ಹೋದಳು. ಸಭಾಂಗಣದಲ್ಲಿ ಹಾಸಿಗೆ ಮಾರುತ್ತಿದ್ದರು. ಸುಳ್ಳಲ್ಲ. ಸ್ಪಂಜಿನ ಹಾಸಿಗೆಗಳ ರಿಯಾಯಿತಿ ಮಾರಾಟ. ಅಧ್ಯಕ್ಷರ ಕುರ್ಚಿಯ ಮೇಲೆ ದಿಂಬಿನ ರಾಶಿ.

"ಸಭೆ ಎಲ್ಲಣ್ಣ?" ಎಂದು ಕಾವಲುಗಾರನನ್ನು ಕೇಳಿದಳು.

"ಯಾವ ಸಭೆ? ನಾನು ಸೇರಿ ನಾಲ್ಕು ವರ್ಷ ಆಯ್ತು, ಸಭೆ ಅಂತ ಒಂದಿನ ಬೀಗ ತೆಗೆದಿಲ್ಲ. ಒಂದು ದಿಂಬು ತಗೊಂಡ್ರೆ ಇನ್ನೊಂದು ಫ್ರೀ ಅಂತೆ, ನೋಡಿ ಬೇಕಾದ್ರೆ."

ಅಕ್ಕ ನಿಂತಲ್ಲೇ ಫಾರಂ ತುಂಬಿದಳು: ಸಭೆ ನಡೆಯಲಿಲ್ಲ, ಹಾಸಿಗೆ ಮಾರಾಟ ನಡೆಯಿತು. ಕೆಳಗೆ ಕಾವಲುಗಾರನ ಸಹಿ ಹಾಕಿಸಿದಳು.

ನಾಗರಿಕ ಶಿಕ್ಷಣದ ಮೇಷ್ಟ್ರು ಅದನ್ನು ಓದಿ ನಕ್ಕರು. "ಏನಮ್ಮಾ, ವಾಚ್‌ಮನ್ ಸಹಿ ತಂದಿದೀರಲ್ಲ? ಎದುರಿನ ಜೆರಾಕ್ಸ್ ಅಂಗಡೀಲಿ ತುಂಬಿದ ಫಾರಂ ಸಿಗುತ್ತೆ. ಹೆಸರು ಬರೆದು ಕೊಟ್ರೆ ಸಾಕು, ಕಟ್ಟು ಕಟ್ಟಿ ಸಹಿಗೆ ಕಳಿಸ್ತಾರೆ."

"ಹೋಗದ ಸಭೆಗೆ ಹೋಗಿದ್ದೆ ಅಂತ ಬರೀಲಾ ಸಾರ್?"

"ಎಲ್ಲರೂ ಬರೀತಾರೆ. ನೀವೇನು ಆಕಾಶದಿಂದ ಇಳಿದು ಬಂದಿದೀರಾ?"

ಫೇಲು. ಸರ್ಟಿಫಿಕೇಟು ಒಪ್ಪಿಸಲು ಆಸ್ಪತ್ರೆ ಕೊಟ್ಟಿದ್ದ ಗಡುವಿಗೆ ಇನ್ನು ಒಂದೇ ತಿಂಗಳು.

ಮರುವಾರ ಶಾಲೆಯಲ್ಲಿ ವಸ್ತುಪ್ರದರ್ಶನ. ಪಾಸಾದವರ ಫಾರಂಗಳನ್ನೆಲ್ಲ ಮೇಷ್ಟ್ರು ವರಾಂಡದಲ್ಲಿ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ, ಒಗೆದ ಬಟ್ಟೆ ಒಣಹಾಕಿದ ಹಾಗೆ ತೂಗುಬಿಟ್ಟಿದ್ದರು. 'ನಾಳಿನ ನಾಗರಿಕರು' ಎಂದು ಮೇಲೆ ಬಣ್ಣದ ಬರಹ. ಅಕ್ಕ ಒಂದು ತುದಿಯಿಂದ ಓದುತ್ತ ಹೋದಳು. ಅರವತ್ತೊಂದು ಫಾರಂ. ಎಲ್ಲದರಲ್ಲೂ ಅದೇ ದಿನಾಂಕ, ದಿಂಬು ಮಾರಿದ ದಿನದ್ದು. ಎಲ್ಲದರಲ್ಲೂ ಅದೇ ತೀರ್ಮಾನ: ಆಸ್ಪತ್ರೆ ಹಿಂದಿನ ಗಲ್ಲಿಯ ತೆರೆದ ಚರಂಡಿಗೆ ಹದಿನೈದು ದಿನದೊಳಗೆ ಚಪ್ಪಡಿ ಹಾಕಿಸುವುದು. ಕೆಳಗೆ ಕಾರ್ಯದರ್ಶಿಯ ಸಹಿ, ಮೊಹರು.

ಆ ಚರಂಡಿಯೊಳಗೆ ಬಿದ್ದು ಸೊಂಟ ಮುರಿದುಕೊಂಡ ಅಕ್ಕನ ತಾಯಿ ಮತ್ತೆ ಎದ್ದಿರಲಿಲ್ಲ.

ಅರವತ್ತೊಂದನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. ಮೇಷ್ಟ್ರು ಪಕ್ಕಕ್ಕೆ ಬಂದು, "ನೋಡಿ ಕಲೀರಿ" ಎಂದರು.

"ಕಲೀತಾ ಇದೀನಿ ಸಾರ್."

ಹದಿನೈದು ದಿನ ಕಾದು, ಹದಿನಾರನೆಯ ದಿನ ಪುರಸಭೆಯ ಮೇಲಧಿಕಾರಿಗೆ ಅರ್ಜಿ ಬರೆದಳು. ಅರ್ಧ ಪುಟ. ಸಭೆ ನಡೆದಿಲ್ಲ ಎಂದು ಅದರಲ್ಲಿ ಎಲ್ಲೂ ಇಲ್ಲ. ಸಭೆ ನಡೆಯಿತೆಂದು ಅರವತ್ತೊಂದು ವಿದ್ಯಾರ್ಥಿಗಳು ಬರೆದಿದ್ದಾರೆ, ಕಾರ್ಯದರ್ಶಿಗಳು ಸಹಿ ಮಾಡಿದ್ದಾರೆ, ಚಪ್ಪಡಿ ಎಲ್ಲಿ? ಅಷ್ಟೇ. ನಡೆದಿದೆ ಎಂದರೆ ಚಪ್ಪಡಿ ತೋರಿಸಬೇಕು. ಇಲ್ಲ ಎಂದರೆ ಅರವತ್ತೊಂದು ಸುಳ್ಳು ಸಹಿ.

ಗಡುವಿಗೆ ಮೂರು ದಿನ ಇರುವಾಗ ಕಾರ್ಯದರ್ಶಿ ಬಟ್ಟೆ ಕೋಣೆಗೇ ಬಂದ. ಹಬೆಗೆ ಕನ್ನಡಕ ಮಸುಕಾಗಿತ್ತು.

"ಎಲ್ಲಮ್ಮಾ ನಿಮ್ಮ ಫಾರಂ? ಕೊಡಿ, ಇಲ್ಲೇ ಸಹಿ ಹಾಕ್ತೀನಿ. ಅರ್ಜಿ ವಾಪಸ್ ತಗೊಂಬಿಡಿ. ಮೇಲ್ವಿಚಾರಕಿ ಆಗಿ ಹಾಯಾಗಿರಿ."

"ನಮ್ಮಮ್ಮ ಬಿದ್ದಾಗ ನಿಮ್ಮ ಆಫೀಸಿಗೆ ಏಳು ಸಲ ಬಂದೆ. ಒಂದ್ಸಲನೂ ತಲೆ ಎತ್ತಿ ನೋಡಲಿಲ್ಲ ನೀವು. ಈಗ ಪೆನ್ನು ಹಿಡ್ಕೊಂಡು ಹುಡುಕ್ಕೊಂಡು ಬಂದಿದೀರಾ."

"ಹಳೇದೆಲ್ಲ ಯಾಕೀಗ?"

"ನನಗೆ ನಿಮ್ಮ ಸಹಿ ಬೇಡ ಸಾರ್. ಹಾಕಿರೋ ಅರವತ್ತೊಂದೇ ಸಾಕು. ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಚಾದರ ತಾಗುತ್ತೆ. ರಕ್ತದ್ದು."

ಗಡುವು ಮುಗಿಯಿತು. ರೋಲರಿಗೆ ಚಾದರ ಉದ್ದಕ್ಕೆ ಕೊಡಬೇಕೋ ಅಡ್ಡಕ್ಕೆ ಕೊಡಬೇಕೋ ತಿಳಿಯದ ಒಬ್ಬಳು ಮೇಲ್ವಿಚಾರಕಿಯಾದಳು. ಅಕ್ಕ ಅವಳ ಕೈಕೆಳಗೆ ಮಡಿಸುತ್ತ ಅರ್ಜಿಯ ವಿಚಾರಣೆಯ ದಿನಕ್ಕೆ ಕಾದಳು.

ಆಗ ಜಗಳಕ್ಕೆ ಬಂದದ್ದು ಒಡಹುಟ್ಟಿದ ತಂಗಿ. ಅರವತ್ತೊಂದರಲ್ಲಿ ಒಂದು ಫಾರಂ ತಂಗಿಯ ಮಗಳದು.

"ಅಕ್ಕಾ, ಯಾರ ಮೇಲಿನ ಸಿಟ್ಟಿಗೆ ಯಾರ ಸರ್ಟಿಫಿಕೇಟು ಹರೀತಿದೀಯಾ? ಇವಳು ಕಾಲೇಜಿಗೆ ಹೋಗೋದು ಬೇಡ್ವಾ?"

"ಹೋಗ್ಲಿ. ಆ ಚರಂಡಿ ದಾಟ್ಕೊಂಡೇ ಹೋಗ್ಬೇಕು."

"ನಿನಗೆ ಕರುಳು ಅನ್ನೋದು ಇದೆಯಾ?"

"ಇತ್ತು. ಅಮ್ಮನ ಜೊತೆ ಹೋಯ್ತು. ನಿನ್ನದು ಎಲ್ಲಿ ಹೋಯ್ತು?"

ಬಾಗಿಲಿಗೆ ಒರಗಿದ್ದ ಹುಡುಗಿ ಮೆಲ್ಲಗೆ ಹೇಳಿದಳು, "ದೊಡ್ಡಮ್ಮ, ಅದರಲ್ಲಿ ಏನು ಬರೆದಿತ್ತು ಅಂತ ನಾನು ಓದೇ ಇರಲಿಲ್ಲ. ಅಜ್ಜಿ ಬಿದ್ದ ಚರಂಡಿ ಅಂತ ಗೊತ್ತಿರಲಿಲ್ಲ."

"ಈಗ ಗೊತ್ತಾಯ್ತಲ್ಲ" ಎಂದಳು ಅಕ್ಕ.

ಕಳೆದ ಗುರುವಾರ ವಿಚಾರಣೆ ನಡೆಯಿತು. ಕಾವಲುಗಾರ ಬರಲಿಲ್ಲ, ಅವನ ಕೆಲಸ ಹೋಗಿ ವಾರವಾಗಿತ್ತು. ಸಭೆ ನಡೆದಿದೆ, ಸಾಮಾನು ಬರಲು ತಡವಾಗಿದೆ ಎಂದ ಕಾರ್ಯದರ್ಶಿ. ಅಧಿಕಾರಿ ಅರವತ್ತೊಂದು ಹೆಸರನ್ನೂ ಕೂಗಿದರು. ಎದ್ದು ನಿಂತದ್ದು ತಂಗಿಯ ಮಗಳೊಬ್ಬಳೇ. "ನಾನು ಹೋಗಿರಲಿಲ್ಲ. ಅದರಲ್ಲಿ ಹೆಸರು ಮಾತ್ರ ನನ್ನದು." ಅವಳ ಸರ್ಟಿಫಿಕೇಟನ್ನು ಅಲ್ಲೇ ತಡೆಹಿಡಿದರು. ಕಾರ್ಯದರ್ಶಿಯ ವಕೀಲ ನಕ್ಕು, "ಹಾಗಾದರೆ ಉಳಿದ ಅರವತ್ತು ಮಂದಿ ಹೋಗಿದ್ದರು ಅಂತಾಯ್ತಲ್ಲ" ಎಂದ.

ಆ ಅರವತ್ತು ಮನೆಗಳವರೇ, ಇದನ್ನು ನೀವು ಓದುತ್ತಿದ್ದೀರಿ. ಕಾರ್ಯದರ್ಶಿ ನಿಂತಿರುವುದು ನಿಮ್ಮ ಮಕ್ಕಳ ಮೌನದ ಮೇಲೆ. ಅದನ್ನು ಕಿತ್ತುಕೊಳ್ಳಿ, ಬೀಳಲಿ. ಬರುವ ಗುರುವಾರ ಹನ್ನೊಂದು ಗಂಟೆಗೆ ಮತ್ತೆ ಹೆಸರು ಕೂಗುತ್ತಾರೆ. ಮಗನನ್ನೋ ಮಗಳನ್ನೋ ಕೈಹಿಡಿದು ಕರೆತನ್ನಿ, ಎದ್ದು ನಿಲ್ಲಿಸಿ, ಹೋಗಿರಲಿಲ್ಲ ಎಂದು ಹೇಳಿಸಿ.