ಕೊಳಕ್ಕೊಂದು ಮುಚ್ಚಳ

ನನಗೆ ಈಜು ಬರುವುದಿಲ್ಲ. ಆದರೂ ನಾನು ಬೀದರಿನ ನಮ್ಮ ಬಡಾವಣೆಯ ಮನರಂಜನಾ ಸಂಘದಲ್ಲಿ ಈಜುಕೊಳದ ಕಾರ್ಯದರ್ಶಿ. ನೀವು ನಗಬಹುದು, ನಕ್ಕವರಲ್ಲಿ ನೀವೇನೂ ಮೊದಲಿಗರಲ್ಲ. ಈಜು ಬರುವವರೆಲ್ಲ ತಮಗೆ ಬೇಕಾದ ಹೊತ್ತಿಗಾಗಿ ಕಚ್ಚಾಡುತ್ತಿದ್ದರು. ನೀರಿಗೇ ಇಳಿಯದವನೊಬ್ಬ ಸಿಕ್ಕರೆ ಅವನಾದರೂ ಪಕ್ಷಪಾತ ಮಾಡಲಾರ ಎಂದು ಎಲ್ಲರೂ ಸೇರಿ ನನ್ನನ್ನು ಆ ಕುರ್ಚಿಯ ಮೇಲೆ ಕೂರಿಸಿದರು. ಭಾಲ್ಕಿಯಲ್ಲಿ ಹುಡುಗನಾಗಿದ್ದಾಗ ಗೆಳೆಯರು ಬಾವಿಗೆ ಧುಮುಕುವಾಗ ದಂಡೆಯ ಮೇಲೆ ಅವರ ಅಂಗಿ ಚಡ್ಡಿ ಕಾಯುತ್ತಿದ್ದವನು ನಾನು. ಕಾರ್ಯದರ್ಶಿಯ ಲಕ್ಷಣ ಆಗಲೇ ಕಾಣಿಸಿತ್ತು ಅನ್ನಬೇಕು.

ನಮ್ಮ ಸಂಘದಲ್ಲಿ ಕೇರಂ ಆಡುವ ಹಾಲ್ ಇದೆ, ಬೇವಿನ ಮರಗಳ ಕೆಳಗೆ ಅಡ್ಡಾಡುವ ದಾರಿ ಇದೆ, ಎತ್ತರದ ಗೋಡೆಯೊಳಗೆ ನೀಲಿ ಹಂಚು ಹಾಸಿದ ಕೊಳ ಇದೆ. ಕೊಳದ ಒಂದು ತುದಿ ಆಳ. ಅಲ್ಲಿ ಧುಮುಕುವುದಕ್ಕೆಂದು ಉದ್ದನೆಯ ಹಲಗೆಯೊಂದು ನೀರಿನ ಮೇಲೆ ಚಾಚಿಕೊಂಡಿತ್ತು. ಸದಸ್ಯರು ಅದರ ಮೇಲೆ ಟವೆಲ್ ಒಣಗಿಸುತ್ತಿದ್ದರು. ಅಧ್ಯಕ್ಷರಾದ ಖಾದರ್ ಸಾಹೇಬರಿಗೆ ಆ ಹಲಗೆಯೆಂದರೆ ಪ್ರಾಣ. ಅವರದು ಹಳೆಯ ಊರಿನಲ್ಲಿ ಬಟ್ಟೆ ಅಂಗಡಿ; ಯಾರಾದರೂ ನೆಂಟರು ಬಂದರೆ ಮೊದಲು ಕರೆತಂದು ತೋರಿಸುವುದು ಕೋಟೆಯನ್ನಲ್ಲ, ಈ ಹಲಗೆಯನ್ನು.

ಅದರ ಮೇಲಿಂದ ನಿಜವಾಗಿ ಧುಮುಕಿದ್ದು ಒಬ್ಬಳೇ. ಅವಳು ರುಕ್ಮಿಣಿ, ಹೆಂಗಸರಿಗೆ ಈಜು ಕಲಿಸಲು ನಾವು ನೇಮಿಸಿಕೊಂಡಿದ್ದ ಶಿಕ್ಷಕಿ. ಔರಾದ ತಾಲ್ಲೂಕಿನ ಎಕಂಬಾದವಳು. ಊರ ಬಾವಿಗೆ ಅವಳ ಕೇರಿಯ ಮಕ್ಕಳು ಇಳಿಯುವ ಹಾಗಿರಲಿಲ್ಲ. ಕೆಂಪು ಕಲ್ಲು ತೆಗೆದ ಕ್ವಾರಿಯ ಹೊಂಡದಲ್ಲಿ ಮಳೆನೀರು ನಿಂತಾಗ ಅವಳು ಈಜು ಕಲಿತದ್ದು. ಕೊಳ ಶುರುವಾದ ದಿನ ಆ ಹಲಗೆಯ ತುದಿಗೆ ಹೋಗಿ ನಿಂತು, ಒಮ್ಮೆ ಆಕಾಶ ನೋಡಿ, ಸದ್ದೇ ಇಲ್ಲದೆ ನೀರೊಳಗೆ ಹೋದಳು. ಅವಳು ಮೇಲೆ ಬರುವವರೆಗೂ ನಾನು ಉಸಿರು ಬಿಡಲಿಲ್ಲ. ಹೆಂಗಸರ ತಾಸು ಎಂಬುದೊಂದು ನಮ್ಮಲ್ಲಿ ಹುಟ್ಟಿದ್ದೇ ಅವಳಿಂದ. ಅವಳು ಮನೆಮನೆಗೆ ಹೋಗಿ ಅತ್ತೆಯರನ್ನು ಒಪ್ಪಿಸಿ ಸೊಸೆಯರನ್ನು ಕರೆತಂದಿದ್ದಳು, ಆಮೇಲೆ ಅತ್ತೆಯರನ್ನೂ.

ಆಮೇಲೆ ಮಳೆ ಕೈಕೊಟ್ಟಿತು. ಮರುವರ್ಷವೂ ಕೈಕೊಟ್ಟಿತು. ಔರಾದ, ಸಂತಪುರದ ಬಸ್ಸುಗಳಿಂದ ಹಾಸಿಗೆ ಸುರುಳಿ, ಪಾತ್ರೆ ಚೀಲ, ಕಾಲು ಕಟ್ಟಿದ ಕೋಳಿಗಳೊಂದಿಗೆ ಇಳಿದವರು ಬೀದರಿನ ನಿಲ್ದಾಣದಲ್ಲೇ ಬುತ್ತಿ ಬಿಚ್ಚಿ ತಿಂದು ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ನಾನು ದಿನಾ ಅವರ ನಡುವೆಯೇ ದಾಟಿಕೊಂಡು ಸಂಘಕ್ಕೆ ಬರುತ್ತಿದ್ದೆ. ಬಂದು, ಕೊಳವೆಬಾವಿಯ ಮೋಟರಿನ ಗುಂಡಿ ಒತ್ತಿ, ಕೊಳಕ್ಕೆ ನೀರು ಬಿಡುತ್ತಿದ್ದೆ. ಆಗ ಮನಸ್ಸಿಗೆ ಸ್ವಲ್ಪ ಇರುಸುಮುರುಸಾಗುತ್ತಿತ್ತು. ಆದರೆ ಕಾರ್ಯದರ್ಶಿಗೆ ಇರುಸುಮುರುಸು ಅಭ್ಯಾಸವಾಗಿಬಿಡುತ್ತದೆ.

ವಿಚಿತ್ರವೆಂದರೆ, ಎಷ್ಟು ನೀರು ಬಿಟ್ಟರೂ ಕೊಳ ಇಳಿಯುತ್ತಿತ್ತು. ಸೋರಿಕೆ ಎಂದು ಹಂಚು ಹಂಚನ್ನೂ ತಟ್ಟಿ ನೋಡಿದೆವು. ಸೋರಿಕೆ ಸಿಗಲಿಲ್ಲ.

“ಇದು ಚೋರಿನೇ ಅದ, ಕಾರ್ಯದರ್ಶಿ ಸಾಬ್. ಪಕ್ಕಾ ಚೋರಿ,” ಎಂದರು ಖಾದರ್ ಸಾಹೇಬರು. “ನೀರಿಗಿ ಈಗ ಬಂಗಾರದ ಕಿಮ್ಮತ್ ಬಂದದ ನೋಡ್ರಿ.”

ಕೊಳಕ್ಕೆ ಕಾವಲು ಹಾಕಿದೆವು. ಸದಸ್ಯರು ಪಾಳಿಯ ಮೇಲೆ ದಂಡೆಯಲ್ಲಿ ಛತ್ರಿ ಹಿಡಿದು ಕುಳಿತರು. ನಾನು ಕಾದ ದಿನಗಳಲ್ಲಿ ಒಂದು ಕಾಗೆ ಬಂದು ಕೊಕ್ಕು ಅದ್ದಿಕೊಂಡು ಹೋಯಿತು. ಅದನ್ನು ಬಿಟ್ಟರೆ ಕಳ್ಳರ ಸುಳಿವಿಲ್ಲ. ನೀರು ಮಾತ್ರ ನಮ್ಮ ಕಣ್ಣೆದುರಿಗೇ ಇಳಿಯುತ್ತಿತ್ತು.

ಮನೆಯಲ್ಲಿ ಊಟಕ್ಕೆ ಕುಳಿತಾಗ ಹೆಂಡತಿ ಸುಶೀಲಾಗೆ ಈ ಪತ್ತೇದಾರಿಯ ಕಥೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

“ಕೊಡದ ಮ್ಯಾಲ ತಾಟು ಮುಚ್ಚಲಾರದೆ ಈ ಮನ್ಯಾಗ ಒಂದು ದಿನ ಮಲಗೇವೇನ್ರಿ? ಬೊಗಸಿ ನೀರಿಗಿ ಮುಚ್ಚಳ ಅದ. ಅಷ್ಟು ದೊಡ್ಡ ಕೊಳ ಬಾಯಿ ತಕ್ಕೊಂಡು ಬಿದ್ದದ, ನೀವು ಛತ್ರಿ ಹಿಡ್ಕೊಂಡು ಕಳ್ಳನ್ನ ಹುಡುಕತೀರಿ. ಛತ್ರಿ ಯಾರ ಸಲುವಾಗಿ ಹಿಡದಿದ್ರಿ?”

ಬಿಸಿಲಿನ ಸಲುವಾಗಿ ಎಂದು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾವು ಕಳ್ಳನನ್ನು ನೆತ್ತಿಯ ಮೇಲಿಟ್ಟುಕೊಂಡು ಹುಡುಕಿದ್ದೆವು.

ಇದೇ ಊರಿನಲ್ಲಿ ಹಿಂದಿನವರು ನೆಲದಡಿಯಲ್ಲಿ ಸುರಂಗ ಕೊರೆದು ನೀರು ಹರಿಸಿದರು. ಕರೇಜ್ ಎನ್ನುತ್ತೇವೆ. ಅದರ ಉಸಿರುಬಾವಿಗಳನ್ನು ಇಣುಕಿ ನೋಡುವ ಪ್ರವಾಸಿಗಳು ಸುಲ್ತಾನರ ಜಾಣತನವನ್ನು ಹೊಗಳುತ್ತಾರೆ. ನೀರನ್ನು ಸೂರ್ಯನ ಕಣ್ಣಿಗೆ ಬೀಳಿಸಬಾರದು ಎಂಬುದು ನಮ್ಮ ಅಡುಗೆಮನೆಗಳಿಗೂ ಗೊತ್ತಿತ್ತು, ಸುಲ್ತಾನರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ನಡುವೆ ಬಂದ ನಮ್ಮ ಸಮಿತಿಗೆ. ಹಳೆಯ ಕಾವ್ಯಗಳಲ್ಲಿ ಜಲಕ್ರೀಡೆಯ ವರ್ಣನೆ ಇರಲೇಬೇಕೆಂದು ಕಾಲೇಜಿನಲ್ಲಿ ಕಲಿತಿದ್ದೆ. ರಾಜರು ರಾಣಿಯರು ನೀರೆರಚಿಕೊಳ್ಳುತ್ತಾರೆ, ತಾವರೆ ಅಲುಗುತ್ತದೆ, ದುಂಬಿ ಏಳುತ್ತದೆ. ಕೊಳಕ್ಕೆ ನೀರು ತುಂಬಿಸಿದವರಾರು, ಆವಿಯಾದದ್ದನ್ನು ಭರ್ತಿ ಮಾಡಿದವರಾರು ಎಂಬ ಸುದ್ದಿಯನ್ನು ಯಾವ ಕವಿಯೂ ಎತ್ತಿದಂತೆ ನೆನಪಿಲ್ಲ. ಪ್ರಾಯಶಃ ಅವರ ಕೊಳಕ್ಕೆ ಕಾರ್ಯದರ್ಶಿ ಇರಲಿಲ್ಲ.

ಸುಶೀಲಾ ಮತ್ತು ರುಕ್ಮಿಣಿ ಸೇರಿ ಗೊಬ್ಬರದ ಖಾಲಿ ಚೀಲಗಳನ್ನು ತೊಳೆದು, ಓಣಿಯ ಹೆಂಗಸರನ್ನೆಲ್ಲ ಕೂರಿಸಿ ಹೊಲಿದು, ಕೊಳದಷ್ಟೇ ಅಗಲದ ಹೊದಿಕೆ ಮಾಡಿದರು. ಎರಡೂ ಕಡೆ ಹಗ್ಗ. ಈ ಕಡೆ ಎಳೆದರೆ ಮುಚ್ಚುತ್ತದೆ, ಆ ಕಡೆ ಎಳೆದರೆ ತೆರೆಯುತ್ತದೆ. ಕೊಳ ಇಳಿಯುವುದು ಕಣ್ಣಿಗೆ ಕಾಣುವಷ್ಟು ನಿಧಾನವಾಯಿತು. ಆದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಮಾತು ಬೀದರಿನವರಿಗೆ ಹೇಳಿಕೊಡಬೇಕಾಗಿಲ್ಲ. ಅಷ್ಟರಲ್ಲಿ ಕೊಳವೆಬಾವಿ ಕೆಮ್ಮತೊಡಗಿತ್ತು.

ಸಮಿತಿ ಸೇರಿತು. ನೀರು ಉಳಿಸಬೇಕು, ಕರೆಂಟು ಉಳಿಸಬೇಕು. ಹೇಗೆ? ಒಬ್ಬ ಸದಸ್ಯರು ಬಹಳ ಸರಳವಾದ ದಾರಿ ತೋರಿಸಿದರು: ಹೆಂಗಸರ ತಾಸನ್ನು ನಿಲ್ಲಿಸುವುದು. ಕೊಳದ ಸುತ್ತ ಉರಿಯುವ ದೊಡ್ಡ ದೀಪಗಳೆಲ್ಲ ಅವರ ತಾಸಿನಲ್ಲೇ ಉರಿಯುವುದು, ಕರೆಂಟೆಲ್ಲ ಅಲ್ಲೇ ಹೋಗುವುದು. ಹಲವು ತಲೆಗಳು ಆಡಿದವು. ನನ್ನ ತಲೆಯೂ ಆಡುವುದರಲ್ಲಿತ್ತು.

ಬಾಗಿಲ ಬಳಿ ಕುಳಿತಿದ್ದ ರುಕ್ಮಿಣಿ ಎದ್ದು ನಿಂತಳು. ಸಿಟ್ಟಿನಲ್ಲಿದ್ದಳು.

“ಲೈಟು ನಮ್ಮ ಸಲುವಾಗಿ ಹತ್ತಂಗಿಲ್ರಿ. ಛೊಲೋ ಹೊತ್ತೆಲ್ಲ ನೀವು ಇಟ್ಕೊಂಡು, ಕತ್ತಲಾದ ಮ್ಯಾಲಿಂದು ನಮಗ ಕೊಟ್ಟೀರಿ, ಅದಕ್ಕ ಹತ್ತತಾವ. ಬಿಸಲಿದ್ದಾಗ ಕೊಡ್ರಿ, ಒಂದು ಬಲ್ಬ್ ಸುದ್ದಾ ಬ್ಯಾಡ. ನನ್ನ ಗಂಡ ಹೈದರಾಬಾದಿಗಿ ಕರೀಲತ್ತಾನ. ಇಲ್ಲಿ ಈ ತಾಸು ಅದ ಅಂತ ನಾ ನಿಂತೇನಿ. ಇದು ಹೋಯ್ತಂದ್ರ ನಾ ಹೋಗ್ತೇನಿ, ನಾ ಹ್ವಾದ್ರ ಈ ಹೆಣ್ಣಮಕ್ಳು ಮತ್ತ ಈ ಗೋಡಿ ಒಳಗ ಕಾಲಿಡಂಗಿಲ್ಲ.”

ನಮ್ಮ ಕೊಳದ ಹೊತ್ತುಗಳನ್ನು ಹಂಚಿದವನು ನಾನೇ, ಪಕ್ಷಪಾತವಿಲ್ಲದ ಮನುಷ್ಯ! ಖಾದರ್ ಸಾಹೇಬರು ಗಡ್ಡ ಸವರಿಕೊಂಡು, “ಬಾತ್ ತೋ ಖರೇ ಅದ,” ಎಂದರು. ಗಂಡಸರು ನಸುಕಿಗೆ, ಹೆಂಗಸರು ಮಧ್ಯಾಹ್ನ ಇಳಿದ ಮೇಲೆ ಎಂದಾಯಿತು. ದೊಡ್ಡ ದೀಪಗಳ ತಂತಿ ಬಿಚ್ಚಿದೆವು. ನಸುಕಿಗೆ ಏಳಬೇಕೆಂದಾಗ ಈಜುವ ಗಂಡಸರ ಸಂಖ್ಯೆ ತಾನಾಗಿ ಇಳಿದದ್ದು ನೀರು ಉಳಿತಾಯಕ್ಕೆ ಸಿಕ್ಕ ಬೋನಸ್ಸು.

ಬೇಸಿಗೆಯ ಹೊಸ್ತಿಲಲ್ಲಿ ಕೊಳವೆಬಾವಿ ಕೆಮ್ಮುವುದನ್ನೂ ನಿಲ್ಲಿಸಿತು. ಓಣಿಯವರು ಟ್ಯಾಂಕರಿಗೆ ಕೊಡ ಸಾಲಿಟ್ಟು ನಿಂತಾಗ ಕೊಳಕ್ಕೆ ಟ್ಯಾಂಕರ್ ತರಿಸುವಷ್ಟು ನಾಚಿಕೆಗೆಟ್ಟಿರಲಿಲ್ಲ ನಾವು. ತಳದಲ್ಲಿ ಉಳಿದದ್ದನ್ನು ಬೇವಿನ ಮರಗಳಿಗೆ ಹೊತ್ತು ಹಾಕಿದೆವು. ಖಾಲಿ ಕೊಳ ನೋಡುವುದಕ್ಕೆ ಆಗುತ್ತಿರಲಿಲ್ಲ. ಮಳೆಗಾಲದವರೆಗೆ ಬೀಗ ಹಾಕೋಣ ಎಂದು ನಾನು ಕೀಲಿ ತೆಗೆದುಕೊಂಡು ಹೋದರೆ, ರುಕ್ಮಿಣಿ ಬಾಗಿಲಿಗೆ ಅಡ್ಡ ನಿಂತಿದ್ದಳು.

“ನೀರು ಹ್ವಾದ್ರ ಹೋಗ್ಲಿರಿ ಸರ್, ತಾಸು ಹೋಗಬಾರ್ದು. ಒಮ್ಮಿ ಬಿಟ್ವಿ ಅಂದ್ರ ಮತ್ತ ಬರಂಗಿಲ್ಲ ಅದು.”

“ನೀರಿಲ್ಲದ ಕೊಳದಾಗ ಏನು ಕಲಿಸ್ತಿ ತಾಯಿ?”

“ಈಜು,” ಎಂದಳು.

ಮರುದಿನದಿಂದ ಖಾಲಿ ಕೊಳದೊಳಗೆ ಹೊರಸುಗಳು ಇಳಿದವು. ಹಗ್ಗದ ಹೊರಸಿನ ಮೇಲೆ ಹೊಟ್ಟೆ ಕೆಳಗಾಗಿ ಮಲಗಿ, ಕೈಕಾಲು ಹೊರಗೆ ಚಾಚಿ, ನಮ್ಮ ಓಣಿಯ ಗೃಹಿಣಿಯರು ಗಾಳಿಯನ್ನು ಬಡಿಯತೊಡಗಿದರು. ನಮ್ಮ ಮನೆಯ ಹೊರಸೂ ಹೋಯಿತು, ಅದರ ಮೇಲೆ ಸುಶೀಲಾ. ನಾನು ಮಧ್ಯಾಹ್ನದ ನಿದ್ದೆಯನ್ನು ಚಾಪೆಗೆ ವರ್ಗಾಯಿಸಿಕೊಂಡೆ. ಊರಲ್ಲಿ ನಗೆಯೋ ನಗೆ. ಚಹಾದ ಅಂಗಡಿಯಲ್ಲಿ ನನ್ನನ್ನು ಕಂಡವರು “ನೀರಿಗಿ ಬಿದ್ದ ಹೊರಸು ತೇಲ್ತೇನ್ರಿ?” ಎಂದು ವಿಚಾರಿಸುತ್ತಿದ್ದರು. ನಾನೂ ನಕ್ಕೆ. ಮನೆಯಲ್ಲಿ ಮಾತ್ರ ನಗಲಿಲ್ಲ.

ಬರಿದಾದ ಕೊಳವನ್ನು ನೋಡಿದಾಗಲೇ ಅದರ ಆಳ ಎಷ್ಟೆಂದು ನಮಗೆ ತಿಳಿದದ್ದು. ಅರ್ಧ ನೀರು ಆ ಆಳದ ತುದಿಯೇ ಕುಡಿಯುತ್ತಿತ್ತು, ಅರ್ಧ ಕರೆಂಟೂ. ಅದನ್ನು ತುಂಬಿಸಿ ಎಲ್ಲ ಕಡೆ ಎದೆಮಟ್ಟ ಮಾಡಬೇಕು ಎಂದು ಮಾತು ಬಂತು. ಖಾದರ್ ಸಾಹೇಬರು ಹಲಗೆಯ ಮೇಲೆ ಕೈಯಿಟ್ಟು ನಿಂತರು.

“ಇಜ್ಜತಿನ ಸವಾಲ್ ಅದ್ರಿ. ಇದರ ಮ್ಯಾಲಿಂದ ಜಿಗಿಯೋರು ಎಲ್ಲಿ ಹೋಗಬೇಕು?”

“ಜಿಗಿದಾಕಿ ನಾ ಒಬ್ಬಾಕೀನೇ ಅಲ್ಲೇನ್ರಿ?” ಎಂದಳು ರುಕ್ಮಿಣಿ. “ನಾ ಒಬ್ಬಾಕಿ ಜಿಗಿಯೋ ಸಲುವಾಗಿ ಇಷ್ಟು ನೀರು ಯಾಕ ಬೇಕು? ತೆಗೀರಿ ಹಲಗಿ.”

ಹೇಳಿದವಳು ಹಲಗೆಯ ಕಡೆ ನೋಡಲಿಲ್ಲ. ನನಗೆ ಆ ಮೊದಲ ದಿನದ ನೆಗೆತ ನೆನಪಾಯಿತು.

ಅವಳ ಗಂಡ ಮಾರುತಿ ಗಾರೆ ಕೆಲಸದ ಗೌಂಡಿ. ನೀರಿಲ್ಲದೆ ಬೀದರಿನಲ್ಲಿ ಕಟ್ಟಡದ ಕೆಲಸವೆಲ್ಲ ನಿಂತು, ಅವನು ಹೈದರಾಬಾದಿಗೆ ಹೊರಡಲು ಗಂಟು ಕಟ್ಟಿದ್ದ. ಗಂಟು ಪಕ್ಕಕ್ಕಿಟ್ಟು ಬಂದು, ಸಂಘದ ಹಿಂದೆ ಬಿದ್ದುಹೋಗಿದ್ದ ಹಳೆಯ ಕೋಣೆಯ ಕೆಂಪು ಕಲ್ಲುಗಳಿಂದಲೇ ಆಳದ ತುದಿಯನ್ನು ತುಂಬಿದ. ಗಾರೆಗೆ ಒದ್ದೆ ಗೋಣಿತಾಟು ಹೊದಿಸಿ, ಕೈ ತೊಳೆದ ನೀರನ್ನೇ ಚಿಮುಕಿಸಿ ಹದ ಮಾಡಿದ. ಕೇರಂ ಹಾಲ್‌ನ ಮಾಳಿಗೆಯಿಂದ ಕೊಳಕ್ಕೆ ಪೈಪು ಇಳಿಸಿದ, ಮಳೆ ಬಂದರೆ ಮೋಟರಿನ ಹಂಗಿಲ್ಲದೆ ತುಂಬಲಿ ಎಂದು. ಕೆಲಸ ಮುಗಿದ ಮೇಲೆ ಅವನು ಇಲ್ಲೇ ಉಳಿಯುತ್ತಾನೆ ಎಂದು ನಾನು ಆಸೆಪಟ್ಟಿದ್ದೆ. ಉಳಿಯಲಿಲ್ಲ. ಒಂದು ಕೊಳದ ಕೂಲಿಯಿಂದ ಒಂದು ಬೇಸಿಗೆ ದಾಟುವುದಿಲ್ಲ. ರುಕ್ಮಿಣಿ ಅವನನ್ನು ನಿಲ್ದಾಣಕ್ಕೆ ಕಳಿಸಿ, ಕಣ್ಣೊರೆಸಿಕೊಂಡು, ನೇರ ಬಂದು ಹೊರಸುಗಳ ಮುಂದೆ ನಿಂತಳು. ತಾಸು ತಪ್ಪಲಿಲ್ಲ.

ಮಳೆ ತಡವಾಗಿ ಬಂತು, ಆದರೆ ಬಂತು. ಮಾಳಿಗೆಯ ನೀರು ಪೈಪಿನಲ್ಲಿ ಗುಡುಗುಡು ಇಳಿದು, ಕೆಲವು ಮಳೆಗಳಲ್ಲಿ ಕೊಳ ಎದೆಮಟ್ಟವಾಯಿತು. ಮೊದಲು ಇಳಿಯುವವರು ಯಾರು ಎಂಬ ಬಗ್ಗೆ ಈ ಸಲ ಜಗಳವಾಗಲಿಲ್ಲ. ಒಂದು ದಿನವೂ ಬಿಡದೆ ಬಂದವರು ಹೆಂಗಸರೇ, ಮೊದಲು ಅವರೇ ಎಂದು ಖಾದರ್ ಸಾಹೇಬರು ತೀರ್ಪು ಕೊಟ್ಟರು.

ಹೆಂಗಸರ ತಾಸಿನಲ್ಲಿ ಕಾರ್ಯದರ್ಶಿಗೆ ಒಳಗೆ ಪ್ರವೇಶವಿಲ್ಲ. ನಾನು ಗೋಡೆಯ ಹೊರಗೆ, ಬೇವಿನ ಕೆಳಗಿನ ಬೆಂಚಿನ ಮೇಲೆ ಕುಳಿತಿದ್ದೆ. ಕಿತ್ತ ಆ ಹಲಗೆಯೇ ಈಗ ಬೆಂಚು; ಕುಳಿತವರನ್ನು ಇವತ್ತಿಗೂ ಸ್ವಲ್ಪ ಪುಟಿಸುತ್ತದೆ. ಒಳಗಿಂದ ರುಕ್ಮಿಣಿಯ ಕೂಗು ಕೇಳಿಸಿತು: “ಕಾಲು ಬಡೀರಿ ಸುಶೀಲಕ್ಕಾ, ಕಾಲು! ಹೊರಸಿನ ಮ್ಯಾಲೇ ಇದ್ದೀನಿ ಅಂತ ತಿಳ್ಕೋರಿ!” ನಂತರ ನೀರಿನ ಸದ್ದು. ನಂತರ ಏನೂ ಇಲ್ಲ. ನಾನು ಎದ್ದು ನಿಂತೆ. ಎದೆಮಟ್ಟದ ನೀರು ಎಂದು ಗೊತ್ತಿದ್ದರೂ ಗೋಡೆಗೆ ಕಿವಿ ಹಚ್ಚಿದೆ. ಆಮೇಲೆ ಚಪ್ಪಾಳೆ, ಕೇಕೆ, ಎಲ್ಲರೂ ಒಟ್ಟಿಗೆ ಮಾತಾಡುವ ಗದ್ದಲ.

ತಾಸು ಮುಗಿದ ಮೇಲೆ ಮೊದಲು ಹೊರಬಂದವಳು ರುಕ್ಮಿಣಿ. ಮಾರುತಿಗೆ ಫೋನ್ ಹಚ್ಚಿ ಒಂದೇ ಮಾತು ಹೇಳಿದಳು: “ನೀ ಕಟ್ಟಿದ್ದರಾಗ ನೀರು ನಿಂತಾವ ನೋಡು.” ಹೇಳಿ ಗೋಡೆಗೆ ಮುಖ ತಿರುಗಿಸಿಕೊಂಡಳು. ಅವಳ ಹಿಂದೆ ಸುಶೀಲಾ ಬಂದಳು, ಒದ್ದೆ ಕೂದಲು, ಮುಖದ ತುಂಬ ನಗು. ಆ ದಂಡೆಯಿಂದ ಈ ದಂಡೆಗೆ ಈಜಿ ಬಂದೆ ಎಂದಳು. ನಾನು ಹಲಗೆಯ ಮೇಲೆ ಪುಟಿಯುತ್ತ ಕುಳಿತೆ.

“ಕುಂತೀರ್ಯಾಕ? ಏಳ್ರಿ, ಮುಚ್ಚಳ ಹಾಕ್ರಿ. ಬಿಸಲು ಇನ್ನಾ ಅದ.”

ಎದ್ದು ಹೋಗಿ ಹಗ್ಗ ಎಳೆದೆ. ನಮ್ಮ ಮನೆಯಲ್ಲಿ ಈಗ ಒಬ್ಬರಿಗೆ ಈಜು ಬರುತ್ತದೆ, ಒಬ್ಬರಿಗೆ ಮುಚ್ಚಳ ಹಾಕುವುದು ಬರುತ್ತದೆ. ಬೀದರಿನಲ್ಲಿ ಒಂದು ಸಂಸಾರಕ್ಕೆ ಇಷ್ಟು ಸಾಕು.