ಅರ್ಧ ದೆವ್ವ ಬಿಡಿಸಿದ ಕಥೆ

ನಿವೃತ್ತಿಯಾದ ಮೇಲೆ ಯಾರಿಗೂ ಬಡ್ತಿ ಸಿಗುವುದಿಲ್ಲ ಎನ್ನುತ್ತಾರೆ. ನನಗೆ ಸಿಕ್ಕಿತು. ಕಳೆದ ವಾರ ನಾನು ದೆವ್ವವಾದೆ, ಪೂರ್ತಿಯಲ್ಲ, ಅರ್ಧ.

ನೇಮಕ ಮಾಡಿದವಳು ಆರು ವರ್ಷದ ಮೊಮ್ಮಗಳು ಗೌರಿ. ಅವಳು ನೋಡುವ ಕಾರ್ಟೂನಿನಲ್ಲಿ ಅರ್ಧ ಮನುಷ್ಯ, ಅರ್ಧ ದೆವ್ವವಾದ ಖಳನೊಬ್ಬನಿದ್ದಾನೆ. ಗೋಡೆ ತೂರಿ ಬರುತ್ತಾನೆ, ಬೇಕೆಂದಾಗ ಮಾಯವಾಗುತ್ತಾನೆ, ಒಬ್ಬನೇ ನಾಲ್ವರಾಗುತ್ತಾನೆ. ಸಾಲದ್ದಕ್ಕೆ ಕಂಡವರ ಮೈಯೊಳಗೆ ಹೊಕ್ಕುಬಿಡುತ್ತಾನೆ; ಆಗ ಅವರ ಕಣ್ಣು ಕೆಂಪಾಗುತ್ತದೆ. ನಮ್ಮ ಕಡೆಯ ದೆವ್ವಗಳು ಪಾಪ, ಹುಣಸೆಮರ ಬಿಟ್ಟು ಕದಲುವುದಿಲ್ಲ, ಹಳೆಯ ಚಪ್ಪಲಿ ತೋರಿಸಿದರೆ ಓಡುತ್ತವೆ. ಅರ್ಧದ ಬಲವೇ ಬೇರೆ. ಪುರಾಣದಲ್ಲೂ ಅಷ್ಟೇ: ಮನುಷ್ಯರಿಂದಲೂ ಆಗದ, ಮೃಗದಿಂದಲೂ ಆಗದ ಕೆಲಸ ಮುಗಿಸಿದ್ದು ಅರ್ಧ ಸಿಂಹವಾಗಿ ಬಂದ ದೇವರು.

ನನ್ನ ಗ್ರಹಚಾರ, ಅದೇ ವಾರ ಸಿದ್ದಾಪುರದ ಗೆಳೆಯನ ಗದ್ದೆಗೆ ಭತ್ತದ ಕೊಯ್ಲು ನೋಡಲು ಹೋಗಿದ್ದೆ. ಯಂತ್ರ ಉಗುಳಿದ ಹೊಟ್ಟು ಎಡಗಣ್ಣಿಗೆ ಬಿತ್ತು. ಮನೆಗೆ ಬರುವಷ್ಟರಲ್ಲಿ ಕಣ್ಣು ಕೆಂಡವಾಗಿತ್ತು. ಗೌರಿ ಬಾಗಿಲಲ್ಲೇ ನಿಂತು ನೋಡಿದಳು. ಒಂದೇ ಕಣ್ಣು ಕೆಂಪು, ಅಂದರೆ ಅರ್ಧ ದೆವ್ವ! ಓಡಿಹೋಗಿ ಅಜ್ಜಿಯ ಸೆರಗು ಹಿಡಿದಳು. ಆಮೇಲೆ ಕರೆದರೂ ಹತ್ತಿರ ಸುಳಿಯಲಿಲ್ಲ. ಎಲ್ಲರೆದುರು ನಕ್ಕೆನಾದರೂ ನನಗೆ ಒಳಗೊಳಗೇ ಸಂಕಟವಾಗುತ್ತಿತ್ತು.

ನನ್ನ ಹೆಂಡತಿಗೆ ಕಾರ್ಟೂನ್ ಗೊತ್ತಿಲ್ಲ, ದೆವ್ವ ಬಿಡಿಸುವುದು ಗೊತ್ತು. ನಮ್ಮಲ್ಲಿ ಮೈಮೇಲೆ ಬಂದ ದೆವ್ವವನ್ನು ಮೊದಲು ಮಾತಾಡಿಸಿ, ಅದು ಕೇಳಿದ್ದನ್ನು ಕೊಟ್ಟು ಕಳಿಸುತ್ತಾರೆ. ರೊಟ್ಟಿ ತುಣುಕು ನಿವಾಳಿಸಿ, ಬೇವಿನ ಸೊಪ್ಪು ಹಿಡಿದು ನನ್ನೆದುರು ಕೂತಳು. ಮದುವೆಯಾದಾಗಿನಿಂದ ಮೊದಲ ಸಲ ಏಕವಚನದಲ್ಲಿ ಗದರಿದಳು.

“ಏನ್ ಬೇಕು ಹೇಳು. ತಗೊಂಡು ಈ ಮನಿ ಬಿಟ್ಟು ಹೋಗು!”

ದೆವ್ವಗಳು ಕೋಳಿ ಕೇಳುತ್ತವೆ, ಹಸಿರು ಸೀರೆ ಕೇಳುತ್ತವೆ. ವೈದ್ಯರು ಎಣ್ಣೆ ತಿಂಡಿ ಬಿಡಿಸಿದ್ದ ನಾನು ಸಿಕ್ಕ ಅವಕಾಶ ಬಿಡಲಿಲ್ಲ. ಕೈ ಮುಗಿದು, “ಮಂಡಾಳ ಒಗ್ಗರಣಿ, ಜೋಡಿ ಬಿಸಿ ಮಿರ್ಚಿ ಕೊಡ್ರಿ ತಾಯಿ,” ಎಂದೆ.

ಸೆರಗಿನ ಹಿಂದಿನಿಂದ ಗೌರಿ ಇಣುಕಿದಳು. “ಅಜ್ಜಿ, ಇಂವ ಅಜ್ಜನ ಅದಾನ. ಕಾರ್ಟೂನಿನ್ಯಾಗಿನ ಅಂವ ಹಿಂಗ ಕೇಳಂಗಿಲ್ಲ, ಕಸ್ಗೊಂತಾನ.”

ನಾನು ಬೆರಗಾದೆ. ಗೋಡೆ ತೂರುವುದು, ಮಾಯವಾಗುವುದು ಯಾವುದೂ ಅವಳ ಪಾಲಿಗೆ ದೆವ್ವದ ಗುರುತಾಗಿರಲಿಲ್ಲ; ಕೇಳದೆ ಕಸಿಯುವುದೊಂದೇ ಗುರುತು.

ಒಗ್ಗರಣೆ ಮಂಡಕ್ಕಿಯ ಜೊತೆ ಮಿರ್ಚಿ ಬಜ್ಜಿ ಬಂತು. ಗೌರಿ ನನ್ನ ತೊಡೆಯೇರಿ ಕೂತು, ನಾನು ಬಾಯಿಗಿಡುವ ಮೊದಲೇ ಅದನ್ನು ಕಸಿದುಕೊಂಡಳು. “ಏ, ಅಜ್ಜನ್ನ ಕೇಳಿ ತಗೋಬೇಕು,” ಎಂದು ಹೆಂಡತಿ ಗದರಿದಳು. ಕಸಿದುಕೊಳ್ಳಲಿ ಎಂದೇ ಕೈ ಮುಂದೆ ಮಾಡಿ ಕೂತವನನ್ನು ಕೇಳುವುದೇನು?